ಮ್ಯಾನೇಜರ್ ಅಲ್ಲವೆಂದು ಸಾಬೀತು ಮಾಡಿದ್ದು

ನಮ್ಮ ಯಜಮಾನರು ನನ್ನನ್ನು ಮ್ಯಾನೇಜರ್ ಮಾಡಿದ್ದು ಒಂದು ಆಯುಧಪೂಜೆಯ ದಿನ. ನಜರ್‌ಬಾದಿನ ಆ ಫರ್ನಿಚರ್ ಅಂಗಡಿಯಲ್ಲಿ ನಾನು ಅದಾಗಲೇ ಬಹಳ ವರ್ಷಗಳಿಂದ ಮಾರಾಟದ ಕೆಲಸ ಮಾಡಿಕೊಂಡಿದ್ದೆ. ಡೆಲಿವರಿ ಗಾಡಿಗೆ, ಡ್ರಿಲ್ಲಿಂಗ್ ಮಿಷನ್ನಿಗೆ, ಗಲ್ಲಾಪೆಟ್ಟಿಗೆಗೆ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚಿದ ಮೇಲೆ ಯಜಮಾನರು ನನ್ನ ಕಡೆ ತಿರುಗಿ, “ಇವತ್ತಿಂದ ನೀನೇ ಕಣಯ್ಯ ಮ್ಯಾನೇಜರು” ಎಂದರು. ಬೆರಳಲ್ಲಿ ಉಳಿದಿದ್ದ ಕುಂಕುಮವನ್ನು ನನ್ನ ಹಣೆಗೂ ಇಟ್ಟರು. ಗಾಡಿ ಮತ್ತು ಡ್ರಿಲ್ಲಿಂಗ್ ಮಿಷನ್ನಿನ ಸಾಲಿಗೇ ನನ್ನನ್ನೂ ಸೇರಿಸುತ್ತಿದ್ದಾರೆ ಎಂದು ನನಗೆ ಆಗ ಹೊಳೆಯಲಿಲ್ಲ. ಸಂಬಳ ಸ್ವಲ್ಪ ಹೆಚ್ಚಿಸಿ ಅಂತ ಕೇಳಬೇಕೆಂದು ಮನೆಯಿಂದ ಮಾತು ಜೋಡಿಸಿಕೊಂಡು ಬಂದಿದ್ದೆ. ಅದು ಮರೆತೇಹೋಯಿತು.

ಮ್ಯಾನೇಜರ್ ಆದ ಮೇಲೆ ನನಗೆ ಮೆಟ್ಟಿಲ ಪಕ್ಕದಲ್ಲಿ ಒಂದು ಮೇಜು ಸಿಕ್ಕಿತು. ಅದೂ ಮಾರಾಟದ ಮೇಜೇ. ಯಾರಾದರೂ ಗಿರಾಕಿ ಕೇಳಿದರೆ ನಾನು ಎದ್ದು, ಡ್ರಾಯರ್ ಖಾಲಿ ಮಾಡಿ, ಅದನ್ನು ಅವರಿಗೆ ಬಿಲ್ ಮಾಡಿ, ಬೇರೆ ಮೇಜಿಗೆ ಹೋಗಿ ಕೂರಬೇಕಾಗಿತ್ತು. ಹೀಗೆ ನನ್ನ ಕಚೇರಿ ಆಗಾಗ ಮೈಸೂರಿನ ಯಾರದೋ ಮನೆ ಸೇರುತ್ತಿತ್ತು. ಕೆಲಸ ಮಾತ್ರ ಮೊದಲಿನದೇ. ಬೆಳಿಗ್ಗೆ ಬಂದು ಸೋಫಾಗಳ ಧೂಳು ಒರೆಸುವುದು, ಗಿರಾಕಿಗಳಿಗೆ ಮಾಲು ತೋರಿಸುವುದು, ಬಿಲ್ ಬರೆಯುವುದು, ಬೀರು ಗಾಡಿಗೆ ಏರಿಸುವಾಗ ಹಿಂದಿನಿಂದ ಹಿಡಿಯುವುದು. ಒಂದು ವ್ಯತ್ಯಾಸವಿತ್ತು. ಮೊದಲು ಧೂಳಿನ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದೆ. ಮ್ಯಾನೇಜರ್ ಆದ ಮೇಲೆ ಅದನ್ನು ಬೆನ್ನ ಹಿಂದೆ ಹಿಡಿದುಕೊಳ್ಳತೊಡಗಿದೆ.

ವಿಸಿಟಿಂಗ್ ಕಾರ್ಡುಗಳನ್ನೂ ಮಾಡಿಸಿದೆ. ನನ್ನ ಖರ್ಚಿನಲ್ಲೇ. ನಮ್ಮೂರು ಇಲವಾಲದ ಕಡೆ. ಅಣ್ಣಂದಿರು ಅಲ್ಲೇ ಹೊಲ ನೋಡಿಕೊಂಡಿದ್ದಾರೆ. ಊರಿನ ಮದುವೆಗಳಿಗೆ ಹೋದರೆ ನಾನು ಊಟದ ಪಂಕ್ತಿಯಲ್ಲಿ ಕೂತ ಕಡೆಯಿಂದಲೇ ಕಾರ್ಡು ಹಂಚುತ್ತಿದ್ದೆ. ಸಂಬಂಧದಲ್ಲಿ ಮಾವನಾಗಬೇಕಾದ ಒಬ್ಬರು ಒಮ್ಮೆ ತಮ್ಮ ಅಳಿಯನಿಗೆ ನಮ್ಮ ಅಂಗಡಿಯಲ್ಲಿ ಏನಾದರೂ ಕೆಲಸ ಕೊಡಿಸು ಎಂದು ಕೇಳಿದರು. ನಾನು ಸಾರಿಗೆ ಕೈ ಒಡ್ಡಿಕೊಂಡೇ, “ನೋಡೋಣ ಮಾವ, ಜಾಗ ಖಾಲಿಯಾಗ್ಲಿ” ಅಂದೆ. ನನ್ನ ಜಾಗವೇ ಖಾಲಿಯಾಗುತ್ತದೆ ಎಂಬ ಅಂದಾಜು ನನಗಿರಲಿಲ್ಲ.

ವಾರದ ರಜೆಯನ್ನೂ ನಾನೇ ಬಿಟ್ಟುಕೊಟ್ಟಿದ್ದೆ. ಉಳಿದವರಿಗೆ ಸರದಿಯ ಮೇಲೆ ವಾರಕ್ಕೊಂದು ದಿನ ರಜೆ ಇತ್ತು, ಅದೂ ಮಾಲು ಬರದ ವಾರಗಳಲ್ಲಿ. ನನ್ನ ಸರದಿ ಬಂದಾಗ ಯಜಮಾನರು, “ಮ್ಯಾನೇಜರಿಗೆಲ್ಲ ರಜಾ ಅಂತ ಇರಲ್ಲ ಕಣಯ್ಯ. ನಾನು ಯಾವತ್ತಾದ್ರೂ ತಗೊಂಡಿದ್ದೀನಾ?” ಎಂದರು. ನನ್ನನ್ನು ತಮ್ಮ ಜೊತೆ ಹೋಲಿಸಿಕೊಂಡರಲ್ಲ ಎಂದು ಎದೆ ಉಬ್ಬಿತು. ಮನೆಗೆ ಬಂದು ಹೆಂಡತಿಗೆ ಹೇಳಿದೆ.

“ಅವರು ರಜಾ ತಗೊಳಲ್ಲ, ಅಂಗಡಿ ಅವರ್ದು,” ಎಂದಳು ಆಕೆ, ಅವರೆಕಾಯಿ ಬಿಡಿಸುತ್ತಾ. “ನಿಮ್ದೇನೈತೆ ಅಲ್ಲಿ?”

“ನಿಂಗೆ ಇದೆಲ್ಲ ಅರ್ಥ ಆಗಲ್ಲ, ಬುಡು,” ಎಂದೆ.

ಯಜಮಾನರಿಗೆ ಮಂಡಿನೋವು ಬಂದು ಅಂಗಡಿಯ ಮೇಲಿನ ಮನೆಯಲ್ಲೇ ಉಳಿಯತೊಡಗಿದ ಮೇಲೆ ಅವರ ಮಗ ವ್ಯವಹಾರಕ್ಕೆ ಬಂದ. ನಾವು ಅವನನ್ನು ಚಿಕ್ಕ ಯಜಮಾನರು ಎನ್ನುತ್ತಿದ್ದೆವು. ಒಳ್ಳೆಯ ಹುಡುಗನೇ, ಆದರೆ ಎಲ್ಲವನ್ನೂ ಮೊಬೈಲಿನಲ್ಲಿ ನೋಡುವ ಅಭ್ಯಾಸ. ಅಂಗಡಿಯ ಮೂಲೆಮೂಲೆಗೂ ಕ್ಯಾಮೆರಾ ಹಾಕಿಸಿದ. ಎಲ್ಲ ಕೆಲಸಗಾರರನ್ನೂ ಸೇರಿಸಿ ಒಂದು ವಾಟ್ಸಾಪ್ ಗುಂಪು ಮಾಡಿದ, ಅದಕ್ಕೆ ‘ನಮ್ಮ ಕುಟುಂಬ’ ಎಂದು ಹೆಸರಿಟ್ಟ.

ಮದುವೆಗಳ ಕಾಲ, ಬೇಸಿಗೆಯ ಮಧ್ಯಾಹ್ನ. ವಯಸ್ಸಾದ ಗಂಡ ಹೆಂಡತಿ ಮಂಚ ನೋಡಲು ಬಂದರು. ಆ ತಾಯಿಗೆ ಒಂದೇ ಚಿಂತೆ. “ನಮ್ಮೆಜಮಾನ್ರು ಮಗ್ಗಲು ಬದಲಾಯಿಸ್ತಾನೇ ಇರ್ತಾರೆ. ಮಂಚ ಕಿರ್ ಅಂದ್ರೆ ನಂಗೆ ನಿದ್ದೆ ಇಲ್ಲ ನೋಡಿ. ಸದ್ದು ಮಾಡ್ದೇ ಇರೋದು ಕೊಡಿ.”

ನಾನು ಚಪ್ಪಲಿ ಬಿಟ್ಟು ಹೊಸ ತೇಗದ ಮಂಚದ ಮೇಲೆ ಮಲಗಿ ಎಡಕ್ಕೆ ಹೊರಳಿದೆ, ಬಲಕ್ಕೆ ಹೊರಳಿದೆ. “ಕೇಳಿಸ್ತಾ ಅಮ್ಮ?”

“ಇಲ್ಲ. ಇನ್ನೊಂದ್ಸಲ ಹೊರಳಿ.”

ಮತ್ತೆ ಹೊರಳಿದೆ. ಅವರಿಗೆ ಸಮಾಧಾನವಾಗಿ, ನಮ್ಮಲ್ಲಿ ಮಾರಾಟದ ಕೆಲಸ ಮಾಡುವ ಹೆಂಗಸಿನ ಜೊತೆ ಕನ್ನಡಿ ಬೀರು ನೋಡಲು ಒಳಗೆ ಹೋದರು. ಈ ಮಾರಾಟದಾಕೆ ನನಗಿಂತ ತುಂಬಾ ಚಿಕ್ಕವಳು, ಚುರುಕು. ನನ್ನನ್ನು ಸಾರ್ ಎನ್ನುತ್ತಿದ್ದಳು. ಅವರು ಬರುವ ತನಕ ಏಳುವುದೇಕೆ, ಮತ್ತೆ ಹೊರಳಲು ಹೇಳಿದರೆ ಎಂದುಕೊಂಡು ನಾನು ಅಲ್ಲೇ ಇದ್ದೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಹಾಸಿಗೆ ಮೆತ್ತಗಿತ್ತು. ರಜೆಯಿಲ್ಲದೆ ಕಳೆದ ಎಷ್ಟೋ ತಿಂಗಳುಗಳ ಆಯಾಸ ಎಲ್ಲಿ ಕಾದು ಕೂತಿತ್ತೋ, ಒಟ್ಟಿಗೇ ಮೇಲೆ ಬಿತ್ತು.

ಮುಂದಿನದನ್ನು ನಾನು ಮಾರಾಟದಾಕೆಯ ಬಾಯಿಂದ ಕೇಳಿದ್ದು. ಅವರು ವಾಪಸ್ ಬಂದಾಗ ನಾನು ಗೊರಕೆ ಹೊಡೆಯುತ್ತಿದ್ದೆನಂತೆ. ಆಕೆ ಕೆಮ್ಮಿದಳಂತೆ. ಬೀರುವಿನ ಬಾಗಿಲನ್ನು ಜೋರಾಗಿ ಹಾಕಿದಳಂತೆ. ಆ ತಾಯಿ ತಡೆದು, “ಎಬ್ಬಿಸ್ಬೇಡಮ್ಮ, ಪಾಪ. ಈ ಮಂಚನೇ ಇರ್ಲಿ. ಅವರು ಎದ್ದ ಮೇಲೆ ಕಳ್ಸಿ ಕೊಡಿ” ಎಂದು ವಿಳಾಸ ಬರೆಸಿ ಹೋದರಂತೆ. ನನ್ನ ಇಡೀ ವೃತ್ತಿಜೀವನದಲ್ಲಿ ಒಂದು ಮಾತೂ ಆಡದೆ, ಚೌಕಾಸಿಯೂ ಇಲ್ಲದೆ ಮಾರಿದ ಮಂಚ ಅದೊಂದೇ.

ಆದರೆ ಚಿಕ್ಕ ಯಜಮಾನರು ಎಲ್ಲೋ ಮದುವೆ ಊಟಕ್ಕೆ ಕೂತು ಮೊಬೈಲಿನಲ್ಲಿ ಅಂಗಡಿ ನೋಡುತ್ತಿದ್ದರು. ನಾನು ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ‘ನಮ್ಮ ಕುಟುಂಬ’ದಲ್ಲಿ ಬಾಯಿ ತೆರೆದು ಮಲಗಿರುವ ನನ್ನ ಚಿತ್ರ ಬಂದಿತ್ತು. ಅದರ ಕೆಳಗೆ, ‘ನಾಳೆಯಿಂದ ಬರುವುದು ಬೇಡ.’ ಪಕ್ಕದಲ್ಲಿ ಕೈಮುಗಿದ ಒಂದು ಗುರುತು. ಆ ಗುರುತನ್ನು ನೋಡಿ ತಮಾಷೆಯಿರಬೇಕು ಎಂದುಕೊಂಡೆ. ನಗುವ ಮುಖವೊಂದನ್ನು ಹುಡುಕಿ ಕಳಿಸಲು ಹೋದರೆ, ಹೋಗಲಿಲ್ಲ. ಕುಟುಂಬದಿಂದ ನನ್ನನ್ನು ತೆಗೆದಾಗಿತ್ತು.

ಮಾರನೆಯ ಬೆಳಿಗ್ಗೆ ಎಂದಿನಂತೆ ಹೋದೆ. ಚಿಕ್ಕ ಯಜಮಾನರು ಬಾಗಿಲಲ್ಲೇ ನಿಂತಿದ್ದರು.

“ಮೆಸೇಜ್ ನೋಡ್ಲಿಲ್ವಾ?”

“ನೋಡ್ದೆ. ಅದೂ... ಗಿರಾಕಿಗಳು ಹೊರಳಿ ಅಂದ್ರು...”

“ಬೇಜಾರ್ ಮಾಡ್ಕೋಬೇಡಿ. ನಿಮ್ಗೂ ವಯಸ್ಸಾಯ್ತು. ರೆಸ್ಟ್ ತಗೊಳಿ,” ಎಂದು ಒಳಗೆ ಹೋದರು.

ನಾನು ಹಿರಿಯ ಯಜಮಾನರನ್ನು ನೋಡಬೇಕೆಂದು ಮೇಲಿನ ಕಿಟಕಿಯತ್ತ ಕತ್ತೆತ್ತಿದೆ. ಪರದೆ ಎಳೆದಿತ್ತು. ಮಾರಾಟದಾಕೆ ಒಂದು ಸೋಫಾದ ಹಿಂದೆ ನಿಂತು ಒರೆಸಿದ್ದನ್ನೇ ಒರೆಸುತ್ತಿದ್ದಳು.

ಹೆಂಡತಿಗೆ ಹೇಗೆ ಹೇಳುವುದೆಂದು ಬಸ್ಸಿನಲ್ಲಿ ಯೋಚಿಸುತ್ತಾ ಬಂದೆ. ಅದರ ಅಗತ್ಯ ಬೀಳಲಿಲ್ಲ. ನನ್ನ ಚಿತ್ರ ನಜರ್‌ಬಾದಿನಿಂದ ಇಲವಾಲಕ್ಕೆ ಹೋಗಿ, ಅಲ್ಲಿಂದ ನಮ್ಮ ಬೋಗಾದಿಯ ಮನೆಗೆ ಬಂದು ನನಗಿಂತ ಮೊದಲು ತಲುಪಿತ್ತು.

“ಮನೇಲಿ ಮಲಗಿದ್ರೆ ನಿದ್ದೆ ಬರಲ್ಲ ಅಂತೀರಿ,” ಎಂದಳು ಹೆಂಡತಿ. “ಅಂಗಡಿ ಮಂಚದ್ ಮ್ಯಾಲೆ ಹೆಂಗ್ ಬಂತು?”

ನಾನು ಚಪ್ಪಲಿ ಬಿಟ್ಟು ಕುರ್ಚಿಯಲ್ಲಿ ಕೂತೆ. ಆಕೆ ಮತ್ತೆ ಏನೋ ಹೇಳಲು ಬಾಯಿ ತೆರೆದವಳು ನನ್ನ ಮುಖ ನೋಡಿ ಸುಮ್ಮನಾದಳು. ಲೋಟದಲ್ಲಿ ಮಜ್ಜಿಗೆ ತಂದು ಮುಂದಿಟ್ಟಳು. ಆಕೆ ರೇಗಿದ್ದರೆ ಚೆನ್ನಾಗಿತ್ತು. ಮಜ್ಜಿಗೆ ಕೊಟ್ಟದ್ದರಿಂದ ವಿಷಯ ಗಂಭೀರವಾಗಿದೆ ಎಂದು ಗೊತ್ತಾಯಿತು.

ಆ ವಾರ ನಾನು ಬೋಗಾದಿಯ ರಸ್ತೆಗಳಲ್ಲಿ ಹಗಲು ಹೊತ್ತು ಸುಮ್ಮನೆ ತಿರುಗಿದೆ. ಅಲ್ಲಿ ವಾಸವಿದ್ದು ಅಷ್ಟು ವರ್ಷವಾದರೂ ಹಗಲಲ್ಲಿ ನಮ್ಮ ಬೀದಿ ಹೇಗಿರುತ್ತದೆ ಎಂದು ನಾನು ನೋಡಿರಲೇ ಇಲ್ಲ. ಎಲ್ಲ ಕಡೆ ಕಟ್ಟಡದ ಕೆಲಸ. ಕಬ್ಬಿಣ ಬಗ್ಗಿಸುವವರು, ಗಾರೆಯವರು, ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು, ಎಲ್ಲರಿಗೂ ಏನೋ ಕೆಲಸ. ಪರಿಚಯದವರು ಎದುರಾಗಿ, “ಏನ್ ಮ್ಯಾನೇಜರ್ ಸಾಹೇಬ್ರೇ, ರಜಾನಾ?” ಎಂದರೆ, “ಹೂಂ, ರಜೆಗಳು ಬಹಳ ಉಳಿದಿದ್ವು” ಎನ್ನುತ್ತಿದ್ದೆ. ಅದು ಸುಳ್ಳೂ ಅಲ್ಲ.

ನಮ್ಮ ಕಟ್ಟಡದ ಮಹಡಿ ಮನೆಯಲ್ಲಿ ಒಬ್ಬಳು ವಕೀಲೆ ಬಾಡಿಗೆಗಿದ್ದಳು. ಚಾಮರಾಜನಗರದ ಕಡೆಯವಳು. ತಾಯಿ ಊದುಬತ್ತಿ ಹೊಸೆದು ಓದಿಸಿದರಂತೆ. ಕಾರ್ಮಿಕರ ಮೊಕದ್ದಮೆಗಳನ್ನೇ ಹೆಚ್ಚಾಗಿ ನಡೆಸುತ್ತಾಳೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋಗಿರಲಿಲ್ಲ, ಏಕೆಂದರೆ ನಾನು ಕಾರ್ಮಿಕನಲ್ಲವಲ್ಲ. ಪ್ರೈವೇಟಿನಲ್ಲಿ ಕಾನೂನು ಗೀನೂನು ಏನೂ ಇಲ್ಲ, ಅದೆಲ್ಲ ಸರ್ಕಾರಿ ನೌಕರರಿಗೆ ಮತ್ತು ಫ್ಯಾಕ್ಟರಿಯವರಿಗೆ ಎಂದು ನಾನು ಅಂಗಡಿಯಲ್ಲಿ ಎಲ್ಲರಿಗೂ ತಿಳಿಹೇಳುತ್ತಿದ್ದವನು. ಕೊನೆಗೆ ಹೆಂಡತಿಯೇ ಆಕೆಯನ್ನು ಮೆಟ್ಟಿಲಲ್ಲಿ ತಡೆದು ವಿಷಯ ಹೇಳಿ, ನನ್ನನ್ನು ಮೇಲಕ್ಕೆ ಹತ್ತಿಸಿದಳು.

ನಾನು ಹೋದವನೇ ಗತ್ತಿನಿಂದ ಕಾರ್ಡು ಕೊಟ್ಟೆ. ಆಕೆ ಓದಿ, ಮೇಜಿನ ಮೇಲೆ ಬೋರಲಾಗಿ ಇಟ್ಟಳು.

“ಅಂಕಲ್, ಇದನ್ನ ಇನ್ನು ಯಾರಿಗೂ ಕೊಡ್ಬೇಡಿ.”

“ಯಾಕಮ್ಮ?”

“ಅಂಗಡಿಯವರು ಮೊದಲು ಹೇಳೋದೇ ಇದನ್ನ. ಇವರು ಮ್ಯಾನೇಜರ್ರು, ಆಡಳಿತ ನಡೆಸೋರು, ಕೆಲಸಗಾರರಿಗೆ ಇರೋ ರಕ್ಷಣೆ ಇವರಿಗಿಲ್ಲ ಅಂತ. ಆದ್ರೆ ಕಾನೂನು ನೋಡೋದು ಹುದ್ದೆ ಹೆಸರನ್ನಲ್ಲ, ದಿನಾ ನಿಜವಾಗ್ಲೂ ಏನು ಕೆಲಸ ಮಾಡ್ತಿದ್ರಿ ಅನ್ನೋದನ್ನ. ಈಗ ನಾನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳಿ. ನೀವು ಯಾರನ್ನಾದ್ರೂ ಕೆಲಸಕ್ಕೆ ತಗೋಬಹುದಿತ್ತಾ?”

“ಹೇಳ್ತಿದ್ದೆ ಯಜಮಾನರಿಗೆ, ಇಂಥವರು ಇದ್ದಾರೆ ಅಂತ.”

“ತಗೊಂಡ್ರಾ?”

“ಇಲ್ಲ.”

“ಯಾರಿಗಾದ್ರೂ ರಜಾ ಮಂಜೂರು ಮಾಡ್ತಿದ್ರಾ?”

“ಮಾಡ್ತಿದ್ದೆ,” ಎಂದೆ ಬೆನ್ನು ನೆಟ್ಟಗೆ ಮಾಡಿ. “ಯಜಮಾನರನ್ನ ಕೇಳಿ ಆದ್ಮೇಲೆ.”

“ಗಿರಾಕಿಗೆ ರಿಯಾಯಿತಿ?”

“ಕೊಡ್ತಿದ್ದೆ. ಫೋನ್ ಮಾಡಿ ಕೇಳ್ಕೊಂಡು.”

“ಚೆಕ್ಕಿಗೆ ಸಹಿ? ಅಂಗಡಿ ಬೀಗದ ಕೈ?”

ಚೆಕ್ಕನ್ನು ನಾನು ಮುಟ್ಟಿಯೇ ಇರಲಿಲ್ಲ. ಬೀಗದ ಕೈ ಯಾವಾಗಲೂ ಮೇಲಿನ ಮನೆಯಲ್ಲಿರುತ್ತಿತ್ತು.

“ಹೋಗ್ಲಿ, ಯಾರನ್ನೂ ಕೇಳದೇ ನೀವೇ ತೀರ್ಮಾನ ಮಾಡ್ತಿದ್ದ ವಿಷಯ ಯಾವುದಾದ್ರೂ ಒಂದು ಹೇಳಿ ಅಂಕಲ್.”

ನಾನು ಬಹಳ ಯೋಚಿಸಿದೆ. “ಫ್ಯಾನು,” ಎಂದೆ. “ಯಾವ ಫ್ಯಾನ್ ಹಾಕ್ಬೇಕು, ಯಾವ್ದು ಆರಿಸ್ಬೇಕು ಅಂತ.”

ಆಕೆಯ ಮುಖ ಅರಳಿತು. “ತುಂಬಾ ಚೆನ್ನಾಗಿದೆ! ನಿಮಗೆ ಯಾವ ಅಧಿಕಾರನೂ ಇಲ್ಲ!”

ನನ್ನ ಬಗ್ಗೆ ಅಷ್ಟು ಸಂತೋಷದಿಂದ ಅಂಥ ಮಾತನ್ನು ಯಾರೂ ಹೇಳಿರಲಿಲ್ಲ. ಆಮೇಲೆ ಆಕೆ ಕಾಫಿ ಕೊಟ್ಟು ನಿಧಾನವಾಗಿ ತಿಳಿಸಿದಳು. ಅಂಗಡಿ ಕೆಲಸಗಾರರಿಗೂ ಕಾನೂನಿದೆ. ತಪ್ಪು ಮಾಡಿದ್ದಾರೆ ಎಂದರೂ ಏಕಾಏಕಿ ಮೊಬೈಲಿನಲ್ಲಿ ತೆಗೆದುಹಾಕುವಂತಿಲ್ಲ. ಏನು ತಪ್ಪು ಎಂದು ಬರವಣಿಗೆಯಲ್ಲಿ ಕೊಡಬೇಕು, ಉತ್ತರ ಹೇಳಲು ಅವಕಾಶ ಕೊಡಬೇಕು, ವಿಚಾರಣೆ ನಡೆಸಬೇಕು. ವಾರದ ರಜೆ ಯಜಮಾನರ ದಯೆಯಲ್ಲ, ಹಕ್ಕು. ನೇಮಕಾತಿ ಆದೇಶವೂ ಹಾಗೆಯೇ. “ಮಲಗಿದ್ದು ತಪ್ಪೇ ಇರ್ಬಹುದು ಅಂಕಲ್. ಆದ್ರೆ ಯಾಕೆ ಮಲಗಿದ್ರಿ ಅಂತ ಒಂದು ಮಾತು ಕೇಳ್ಬೇಕಲ್ವಾ?”

ಅಷ್ಟು ದಿನ ನನ್ನನ್ನು ಕೊರೆಯುತ್ತಿದ್ದುದು ಅದೇ ಎಂದು ಆಗ ತಿಳಿಯಿತು. ಕೆಲಸ ಹೋದದ್ದಕ್ಕಿಂತ, ಯಾರೂ ಏನೂ ಕೇಳಲಿಲ್ಲ ಎನ್ನುವುದು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಆಕೆ ನೋಡದವಳಂತೆ ಅರ್ಜಿ ಬರೆಯಲು ಶುರುಮಾಡಿದಳು. ದುಡ್ಡು ಬೇಡ, ಕೆಲಸ ವಾಪಸ್ ಬೇಕು ಎಂದು ಕೇಳೋಣ ಎಂದಳು. ನನಗೂ ಬೇಕಾಗಿದ್ದುದು ಅದೇ.

ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ರಾಜಿ ಸಂಧಾನಕ್ಕೆ ನಮ್ಮನ್ನು ಕರೆದರು. ಅಧಿಕಾರಿ ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಮಾತಾಡುವ, ಸಮಾಧಾನದ ಮನುಷ್ಯ. ಚಿಕ್ಕ ಯಜಮಾನರು ತಮ್ಮ ವಕೀಲರೊಂದಿಗೆ ಬಂದಿದ್ದರು. ಸಾಲ ಕೊಟ್ಟವನ ಎದುರು ಸಿಕ್ಕಿಬಿದ್ದವರಂತೆ ಚಿಕ್ಕ ಯಜಮಾನರು ನನ್ನ ಕಣ್ಣು ತಪ್ಪಿಸುತ್ತಿದ್ದರು. ಅವರ ವಕೀಲರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಶುರುಮಾಡಿದರು.

“ಸ್ವಾಮಿ, ಇವರು ಸಾಮಾನ್ಯ ಕೆಲಸಗಾರರಲ್ಲ. ಈ ಸಂಸ್ಥೆಯ ಆಧಾರಸ್ತಂಭ. ಅಂಗಡಿಯ ಸಮಸ್ತ ಆಡಳಿತ ಇವರ ಕೈಯಲ್ಲೇ ಇತ್ತು. ಇವರ ಮಾತಿಲ್ಲದೆ ಅಲ್ಲಿ ಒಂದು ಕುರ್ಚಿ ಕೂಡ ಅಲುಗಾಡ್ತಿರಲಿಲ್ಲ. ಮಾಲೀಕರು ಇವರ ಮೇಲೆ ಸಂಪೂರ್ಣ ವಿಶ್ವಾಸ ಇಟ್ಟು...”

ಇಂಥ ಮಾತುಗಳನ್ನು ಕೇಳಬೇಕೆಂದು ನಾನು ಎಷ್ಟು ಆಯುಧಪೂಜೆಗಳನ್ನು ಕಾದಿದ್ದೆ! ಎದೆ ತುಂಬಿ ಬಂತು. ಇಲವಾಲದವರೆಲ್ಲ ಇಲ್ಲಿದ್ದಿದ್ದರೆ ಎನ್ನಿಸಿತು. ಆ ವಕೀಲರು ನನ್ನ ವಿರುದ್ಧ ಮಾತಾಡುತ್ತಿದ್ದಾರೆ ಎಂಬುದೇ ಮರೆತು, ಅವರು ಮುಗಿಸಿದ ಕೂಡಲೇ ಅರ್ಧ ಎದ್ದು, “ಥ್ಯಾಂಕ್ಸ್ ಸಾರ್” ಎಂದುಬಿಟ್ಟೆ.

ನಮ್ಮ ವಕೀಲೆ ಕಣ್ಣು ಮುಚ್ಚಿಕೊಂಡಳು.

“ಅಂದ್ರೆ ಒಪ್ಕೊಂಡ್ರಾ?” ಎಂದರು ಅಧಿಕಾರಿ.

“ಇಲ್ಲ ಸ್ವಾಮಿ! ಅದೆಲ್ಲ ಸುಳ್ಳು!” ಎಂದೆ ಗಾಬರಿಯಿಂದ. “ನಾನು ಯಾವ ಸ್ತಂಭನೂ ಅಲ್ಲ. ನಂಗೇನೂ ಗೊತ್ತಿಲ್ಲ. ನನ್ನ ಮಾತು ಅಲ್ಲಿ ಯಾರೂ ಕೇಳಲ್ಲ.”

“ಮತ್ತೆ ಥ್ಯಾಂಕ್ಸ್ ಯಾಕೆ ಅಂದ್ರಿ?”

“ಚೆನ್ನಾಗಿ ಮಾತಾಡಿದ್ರಲ್ಲ, ಅದ್ಕೆ.”

ಅಧಿಕಾರಿ ಕನ್ನಡಕ ಕೆಳಗಿಳಿಸಿ ನನ್ನನ್ನು ಒಮ್ಮೆ ನೋಡಿ, ಅಂಗಡಿಗೇ ಬಂದು ವಿಚಾರಿಸುವುದಾಗಿ ಹೇಳಿದರು. ಹೊರಗೆ ಬಂದ ಮೇಲೆ ನಮ್ಮ ವಕೀಲೆ, “ಅಂಕಲ್, ಅವರು ಬಂದಾಗ ದಯವಿಟ್ಟು ನೀವು ಬಾಯಿ ಬಿಡ್ಬೇಡಿ. ಯಾರು ಎಷ್ಟು ಹೊಗಳಿದ್ರೂ” ಎಂದಳು. ಯಾರೂ ಹೊಗಳುವ ಸಂಭವವೇ ಇರಲಿಲ್ಲ ಎಂದು ನಮಗಿಬ್ಬರಿಗೂ ಆಗ ಗೊತ್ತಿರಲಿಲ್ಲ.

ಅಧಿಕಾರಿ ಬಂದ ದಿನ ಅಂಗಡಿ ಎಂದಿಗಿಂತ ಚೊಕ್ಕವಾಗಿತ್ತು. ಎಲ್ಲರನ್ನೂ ಮುಂದಿನ ಜಾಗದಲ್ಲಿ ಸೇರಿಸಿದರು. ನಾನು, ನಮ್ಮ ವಕೀಲೆ ಒಂದು ಕಡೆ ನಿಂತೆವು. ಅಲ್ಲಿ ಸುತ್ತಲೂ ಕುರ್ಚಿಗಳೇ, ಆದರೆ ಮಾರಾಟದ ಮಾಲಿನ ಮೇಲೆ ಕೂರಬಾರದೆಂದು ಎಲ್ಲರಿಗೂ ಅಭ್ಯಾಸವಾಗಿ, ಅಧಿಕಾರಿಯೊಬ್ಬರನ್ನು ಬಿಟ್ಟು ಮತ್ತೆಲ್ಲರೂ ನಿಂತೇ ಇದ್ದೆವು.

ಮೊದಲು ಮಾರಾಟದಾಕೆಯನ್ನು ಕೇಳಿದರು. “ಇವರು ಇಲ್ಲಿ ಮ್ಯಾನೇಜರ್ ಆಗಿದ್ರಾ ಅಮ್ಮ?”

ಆಕೆ ನನ್ನ ಕಡೆ ನೋಡಿದಳು. “ಹಂಗಂತ ಕರೀತಿದ್ವಿ ಸಾರ್. ಕರೀದಿದ್ರೆ ಬೇಜಾರ್ ಮಾಡ್ಕೋತಿದ್ರು.”

“ಮ್ಯಾನೇಜರ್ ಕೆಲಸ ಏನು ಮಾಡ್ತಿದ್ರು?”

“ನಾವು ಮಾಡೋದೇ ಅವರೂ ಮಾಡ್ತಿದ್ರು. ಒರೆಸ್ತಿದ್ರು. ಅವರ ಮೇಜು ಮಾರಾಟ ಆದಾಗ ಮಾತ್ರ ಸ್ವಲ್ಪ ಹೊತ್ತು ಮಂಕಾಗಿರೋರು.”

“ನಿಮಗೆ ರಜಾ ಕೊಡ್ತಿದ್ರಾ?”

“ಅವರನ್ನ ಕೇಳ್ತಿರ್ಲಿಲ್ಲ ಸಾರ್. ಕೇಳಿದ್ರೆ ಅವರು ಮ್ಯಾಲ್ಗಡೆ ಹೋಗಿ ಕೇಳ್ಕೊಂಡ್ ಬರೋಕೆ ಹೊತ್ತಾಗ್ತಿತ್ತು. ಅದ್ಕೆ ನಾವೇ ಮೊದ್ಲು ದೊಡ್ಡ ಯಜಮಾನ್ರನ್ನ ಕೇಳ್ಕೊಂಡ್ ಬಂದು, ಆಮೇಲೆ ಇವರ ಹತ್ರಾನೂ ಸುಮ್ನೆ ಒಂದು ಮಾತು ಕೇಳ್ತಿದ್ವಿ.”

ಇದು ನನಗೆ ಹೊಸ ವಿಷಯ. ಅವರು ಬಂದು ರಜೆ ಕೇಳಿದಾಗ ನಾನು ಹುಬ್ಬು ಗಂಟಿಕ್ಕಿ, ಕ್ಯಾಲೆಂಡರ್ ನೋಡಿ, ‘ಸರಿ, ಯಜಮಾನರನ್ನ ನಾನು ಕೇಳ್ತೀನಿ, ಈ ಸಲ ಹೋಗಿ ಬನ್ನಿ’ ಎನ್ನುತ್ತಿದ್ದೆ. ಆ ಹುಬ್ಬುಗಳನ್ನು ಎಲ್ಲಿ ಮುಚ್ಚಿಕೊಳ್ಳಲಿ ಎನ್ನಿಸಿತು.

ಆಮೇಲೆ ಡೆಲಿವರಿ ಗಾಡಿಯ ಡ್ರೈವರ್. ನನ್ನ ವಾರಗೆಯವನು. ನಾನು ಮ್ಯಾನೇಜರ್ ಆದಾಗಿನಿಂದ ನನ್ನನ್ನು ಏಕವಚನದಲ್ಲಿ ಕರೆಯುವುದನ್ನು ನಿಲ್ಲಿಸಿದ್ದವನು ಅವತ್ತು ಮರೆತು ಮೊದಲಿನಂತೆಯೇ ಮಾತಾಡಿದ. “ಅಯ್ಯೋ, ಇವ್ನಾ ಸಾರ್? ಬೀರು ಏರಿಸೋವಾಗ ಹಿಂದ್ಗಡೆ ಇವ್ನೇ ಹಿಡಿಯೋನು. ಒಳ್ಳೆ ಹಿಡಿತ. ಇವ್ನು ಹೋದ್ಮೇಲೆ ಸೊಂಟ ಬಿದ್ದೋಯ್ತು ನಂದು. ಅಧಿಕಾರ ಗಿಧಿಕಾರ ಏನಿಲ್ಲ ಸಾರ್ ಇವ್ನಿಗೆ. ಒಂದ್ ಮೊಳೆ ಬೇಕಂದ್ರೂ ಮ್ಯಾಲೆ ಹೋಗಿ ಕೇಳೋನು. ಬಾಯಿ ಜಾಸ್ತಿ, ಅಷ್ಟೇ.”

ನಮ್ಮ ವಕೀಲೆ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದಳು. ಪ್ರತಿಯೊಂದೂ ನನ್ನ ಪರವಾದ ಸಾಕ್ಷಿ. ನನ್ನನ್ನು ಉಳಿಸಲೆಂದೇ ಅವರು ಹೀಗೆಲ್ಲ ಹೇಳುತ್ತಿದ್ದಾರೋ, ನಿಜ ಇದ್ದದ್ದೇ ಹಾಗೋ ಎಂದು ಒಂದು ಗಳಿಗೆ ಅನುಮಾನ ಬಂತು. ನಿಜ ಇದ್ದದ್ದೇ ಹಾಗೆ. ಅದನ್ನು ಹೇಳಲು ಚಿಕ್ಕ ಯಜಮಾನರ ಎದುರಿಗೇ ಅವರು ಬಾಯಿ ತೆರೆದರಲ್ಲ, ಅದು ನನ್ನನ್ನು ಉಳಿಸಲು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದಾಯಿತು. ಹಿರಿಯ ಯಜಮಾನರು ಕೈಕೋಲು ಊರಿಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದರು. ನನ್ನನ್ನು ನೋಡಿ, “ಏನಯ್ಯ, ಸೊರಗಿದ್ದೀಯ” ಎಂದರು. ಮಗ ಏನೋ ಹೇಳಲು ಹೋದ. ಅವರು ಕೈ ಎತ್ತಿ ತಡೆದು ಅಧಿಕಾರಿಯ ಎದುರಿಗೆ ಕೂತರು. ಮಾರಾಟದ ಕುರ್ಚಿಯ ಮೇಲೆ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನಾನೇ ಮ್ಯಾನೇಜರ್ ಮಾಡಿದ್ದು ಸ್ವಾಮಿ ಇವನನ್ನ,” ಎಂದರು. “ಅಧಿಕಾರ ಕೊಡ್ಲಿಲ್ಲ. ಆ ವರ್ಷ ಇವನು ಏನೋ ಕೇಳೋಕೆ ಬಂದಿದ್ದ, ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಕೊಡೋಕೆ ನನ್ನ ಕೈಲಿ ಅದೊಂದೇ ಇತ್ತು. ಖುಷಿಯಾಗಿ ತಗೊಂಡ. ನಾನೂ ಖುಷಿಪಟ್ಟೆ. ಅದು ಹೀಗೆ ಇವನ ಕುತ್ತಿಗೆಗೇ ಬರುತ್ತೆ ಅಂತ ನನಗೂ ಗೊತ್ತಿರ್ಲಿಲ್ಲ.”

ನಾನು ಸೀಲಿಂಗ್ ನೋಡುತ್ತಾ ನಿಂತೆ. ನನ್ನ ಮುಖ ಅಷ್ಟು ಸುಲಭವಾಗಿ ಓದಬಹುದಾದ ಮುಖ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅದನ್ನು ಗಂಭೀರವಾಗಿಟ್ಟುಕೊಳ್ಳಲು ಪಟ್ಟ ಶ್ರಮವೆಲ್ಲ ನೆನಪಾಯಿತು.

ಮಾರಾಟದಾಕೆ ಆಗ ಮೆಲ್ಲಗೆ, “ಸಾರ್, ಒಂದು ಮಾತು ಕೇಳ್ಬಹುದಾ? ನಮ್ಗೂ ಆರ್ಡರ್ ಕಾಪಿ ಅಂತ ಯಾವ್ದೂ ಕೊಟ್ಟಿಲ್ಲ. ಮಾಲು ಬಂದ ವಾರ ರಜಾನೂ ಇರಲ್ಲ. ಅದೆಲ್ಲ ಕೊಡ್ಲೇಬೇಕಾ, ಇಲ್ಲ ಅವರಿಷ್ಟನಾ?” ಎಂದಳು.

“ಕೊಡ್ಲೇಬೇಕಮ್ಮ,” ಎಂದರು ಅಧಿಕಾರಿ.

ಪ್ರೈವೇಟಿನಲ್ಲಿ ಕಾನೂನಿಲ್ಲ ಎಂದು ಯಾರು ಹೇಳಿದ್ದು ಎಂದು ಅವರು ಕೇಳಲಿಲ್ಲ, ನನ್ನ ಪುಣ್ಯ. ಡ್ರೈವರ್ ಮಾತ್ರ ನನ್ನ ಕಡೆ ತಿರುಗಿ ಒಂದು ನೋಟ ಬಿಟ್ಟ. ಚಿಕ್ಕ ಯಜಮಾನರ ವಕೀಲರು ಅವರ ಕಿವಿಯಲ್ಲಿ ಏನೋ ಹೇಳಿದರು. ವಿಷಯ ನನ್ನೊಬ್ಬನಲ್ಲೇ ನಿಲ್ಲದೆ ಅಂಗಡಿಯ ಉದ್ದಗಲಕ್ಕೂ ಹಬ್ಬುವ ಲಕ್ಷಣ ಕಂಡಿರಬೇಕು.

ರಾಜಿಯಾಯಿತು. ನನ್ನನ್ನು ಹಳೆಯ ಸೇವೆ ಕಡಿಯದಂತೆ ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಬೇಕು, ಎಲ್ಲರಿಗೂ ನೇಮಕಾತಿ ಆದೇಶ ಕೊಡಬೇಕು, ವಾರದ ರಜೆ ತಪ್ಪಿಸಬಾರದು ಎಂದು ಬರೆದುಕೊಂಡರು. ಹುದ್ದೆ ಏನೆಂದು ಬರೆಯಲಿ ಎಂದು ಕೇಳಿದಾಗ ಎಲ್ಲರೂ ನನ್ನ ಮುಖ ನೋಡಿದರು. ‘ಮಾರಾಟ ಸಹಾಯಕ’ ಎಂದು ನಾನೇ ಹೇಳಿದೆ. ಹೇಳಿದ ಮೇಲೆ ಅದರ ಹಿಂದೆ ‘ಹಿರಿಯ’ ಎಂದು ಸೇರಿಸಬಹುದಾ ಎಂದು ಕೇಳಿದೆ. ನಮ್ಮ ವಕೀಲೆ ನನ್ನ ಕಾಲು ತುಳಿದಳು.

ಚಿಕ್ಕ ಯಜಮಾನರು ಆಮೇಲೆ ನನ್ನ ಹತ್ತಿರ ಬಂದು, “ಆ ಫೋಟೋ ಹಾಕ್ಬಾರ್ದಿತ್ತು ನಾನು” ಎಂದರು.

“ಇರ್ಲಿ ಬುಡಿ,” ಎಂದೆ. “ಮಂಚ ಮಾರಾಟ ಆಯ್ತಲ್ಲ.”

ಮೊದಲ ವಾರದ ರಜೆಯ ದಿನ ಏನು ಮಾಡಬೇಕೋ ತಿಳಿಯದೆ, ಮನೆಯ ಕುರ್ಚಿ ಮೇಜುಗಳನ್ನೆಲ್ಲ ಒರೆಸಿ, ಜಾಗ ಬದಲಾಯಿಸಿ ಹೆಂಡತಿಯಿಂದ ಬೈಸಿಕೊಂಡೆ. ಕೆಲವು ವಾರಗಳಲ್ಲಿ ಅಭ್ಯಾಸವಾಯಿತು. ಈಗ ರಜೆ ದಿನ ಬೆಳಿಗ್ಗೆಯೇ ಇಬ್ಬರೂ ತಿಂಡಿಗೆ ಹೊರಗೆ ಹೋಗುತ್ತೇವೆ. ಆಕೆ ಸೆಟ್ ದೋಸೆ ತಿನ್ನುತ್ತಾ ರಸ್ತೆ ನೋಡುತ್ತಾಳೆ. ನಾನು ಆ ಹೋಟೆಲಿನವರ ಕುರ್ಚಿಗಳನ್ನು ಅಲುಗಾಡಿಸಿ ನೋಡುತ್ತೇನೆ.

ಆದರೆ ನನ್ನ ಬುದ್ಧಿ ಪೂರ್ತಿ ಹೋಗುವಂಥದ್ದಲ್ಲ. ನಾನು ಗೆದ್ದ ಸುದ್ದಿ ಬೀದಿಯಲ್ಲಿ ಹರಡಿದ ಮೇಲೆ ಜನ ಸಲಹೆ ಕೇಳಲು ಬರತೊಡಗಿದರು. ಎದುರಿನ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವನು, ಕೊರಿಯರ್ ಹುಡುಗರ ಮೇಸ್ತ್ರಿ. ನಾನು ಕಾಲ ಮೇಲೆ ಕಾಲು ಹಾಕಿಕೊಂಡು, ಹುದ್ದೆಯ ಹೆಸರು ಮುಖ್ಯವಲ್ಲ, ನಿಜವಾದ ಕೆಲಸ ಮುಖ್ಯ ಎಂದು ವಿವರಿಸುತ್ತಿದ್ದೆ. ಹೋದ ತಿಂಗಳು ನಮ್ಮ ಬೀದಿಯ ಕೊನೆಯಲ್ಲಿರುವ ಖಾಸಗಿ ಶಾಲೆಯ ಟೀಚರೊಬ್ಬರು ಬಂದರು. ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ, ಮುಂದಿನ ವರ್ಷ ಬರಬೇಡಿ ಎಂದು ಬಾಯಲ್ಲೇ ಹೇಳಿ ಕಳಿಸಿದ್ದರಂತೆ. ಅತ್ತು ಕಣ್ಣು ಊದಿತ್ತು.

“ನೀವು ಹೆದರ್ಬೇಡಿ ಮೇಡಂ. ನೀವು ಕೆಲಸಗಾರರೇ. ನಂದೂ ಹಿಂಗೇ ಆಗಿತ್ತು, ಸೀದಾ ಕಾರ್ಮಿಕ ಅಧಿಕಾರಿ ಹತ್ರ ಹೋಗಿ,” ಎಂದೆ.

ಅದೇ ಹೊತ್ತಿಗೆ ವಕೀಲೆ ಮೆಟ್ಟಿಲಿಳಿದು ಬರುತ್ತಿದ್ದಳು. ಕೇಳಿಸಿಕೊಂಡು ನಿಂತಳು. “ಅಂಕಲ್, ಟೀಚರ್‌ಗಳು ಆ ಕಾನೂನಿನ ಲೆಕ್ಕದಲ್ಲಿ ಬರಲ್ಲ. ಅವರಿಗೆ ಬೇರೆ ಕಾನೂನಿದೆ, ಬೇರೆ ಕಡೆ ಹೋಗ್ಬೇಕು. ತಡ ಮಾಡಿದ್ರೆ ಅವಧಿ ಮೀರಿಹೋಗುತ್ತೆ. ನೀವು ಹೇಳಿದ ಕಡೆ ಹೋಗಿದ್ರೆ ಸುಮ್ನೆ ಅಲೆದಾಡ್ತಿದ್ರು.”

ಟೀಚರು ನನ್ನನ್ನು ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯೂ ನೋಡಿದಳು, ಬಾಯಿಗೆ ಸೆರಗು ಹಿಡಿದುಕೊಂಡು.

“ನಂಗೆ ಗೊತ್ತಿಲ್ಲ ಮೇಡಂ,” ಎಂದೆ. ಆ ಮಾತು ಬಾಯಿಂದ ಹೊರಡಲು ಸ್ವಲ್ಪ ತ್ರಾಸವಾಯಿತು. “ಇವರ ಜೊತೆ ಮೇಲಕ್ಕೆ ಹೋಗಿ, ಇವರಿಗೆ ಗೊತ್ತು.”

ಅವರಿಬ್ಬರೂ ಮೇಲೆ ಹೋದರು. ಬಹಳ ಹೊತ್ತು ಮಾತು ಕೇಳಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಹೆಂಡತಿ ಮೂರು ಲೋಟ ಕಾಫಿ ಬೆರೆಸಿ ತಟ್ಟೆಯಲ್ಲಿಟ್ಟಳು. ಒಂದನ್ನು ನನಗೆ ಕೊಟ್ಟು, ಉಳಿದವನ್ನು ಮೇಲೆ ಕೊಟ್ಟು ಬನ್ನಿ ಎಂದಳು. ತುಳುಕಿಸದಂತೆ ಮೆಟ್ಟಿಲು ಹತ್ತಿದೆ. ಟೀಚರು ಕಣ್ಣೊರೆಸಿಕೊಂಡು ತಾವು ಪಾಠ ಮಾಡುತ್ತಿದ್ದ ತರಗತಿಗಳ ಬಗ್ಗೆ ಹೇಳುತ್ತಿದ್ದರು, ವಕೀಲೆ ಬರೆದುಕೊಳ್ಳುತ್ತಿದ್ದಳು. ನಾನು ಲೋಟಗಳನ್ನಿಟ್ಟು, ಏನೂ ಹೇಳದೆ, ಬಾಗಿಲು ಮುಂದಕ್ಕೆಳೆದು ಇಳಿದು ಬಂದೆ.